ರಿಪೋರ್ಟ್‌ನಲ್ಲಿ ಅಲರ್ಜಿ, ಊಟದಲ್ಲಿ ಇಲ್ಲ: ಮಗುವಿನ ತಟ್ಟೆಯ ಸುತ್ತ ಎದ್ದಿರುವ ಗೊಂದಲ

2025ರ ಅಕ್ಟೋಬರಿನಲ್ಲಿ ಅಮೆರಿಕದಿಂದ ಒಂದು ಸುದ್ದಿ ಬಂತು. ಅಲ್ಲಿನ ಪುಟ್ಟ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇಕಡಾ 40ಕ್ಕಿಂತ ಜಾಸ್ತಿ ಇಳಿದಿದೆಯಂತೆ. ಇಳಿದದ್ದು ಶೇಂಗಾ ದೂರ ಇಟ್ಟಿದ್ದರಿಂದ ಅಲ್ಲ, ಹಸುಗೂಸಿಗೆ ಬೇಗನೆ ತಿನ್ನಿಸಿದ್ದರಿಂದ ಎಂಬುದು ಸುದ್ದಿಯ ಸಾರ.

ಮುಂಬೈಯ ಒಂದು ಕನ್ನಡ ಮನೆಯಲ್ಲಿ, ಡೊಂಬಿವಲಿಯೋ ಮುಲುಂಡೋ ಇರಲಿ, ಮೈಮೇಲೆ ಆಗಾಗ ದದ್ದು ಏಳುವ ಏಳೆಂಟು ತಿಂಗಳ ಮಗುವಿದ್ದರೆ ಈ ಸುದ್ದಿ ಸಮಾಧಾನಕ್ಕಿಂತ ಗೊಂದಲವನ್ನೇ ಜಾಸ್ತಿ ತರುತ್ತದೆ. ಸಂಬಂಧಿಕರ ಮಗುವಿನ ಹಳೇ ಫೈಲಿನಲ್ಲಿ ‘ಮೂರು ವರ್ಷ ಶೇಂಗಾ ಬೇಡ’ ಎಂದು ಬರೆದಿರುತ್ತದೆ. ಧಾರವಾಡದಿಂದ ಫೋನ್ ಮಾಡುವ ಅಜ್ಜಿ ಮೊಟ್ಟೆ ಉಷ್ಣ, ಶೇಂಗಾ ಪಿತ್ತ ಎನ್ನುತ್ತಾಳೆ. ಪಕ್ಕದ ಫ್ಲಾಟಿನವರು ಯಾವುದೋ ಲ್ಯಾಬಿನ ಪ್ಯಾಕೇಜ್ ಹೇಳುತ್ತಾರೆ. ಒಂದೇ ಸ್ಯಾಂಪಲ್, ಹತ್ತಾರು ಪದಾರ್ಥ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ಯಾರ ಮಾತು ಕೇಳುವುದು?

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಅಲರ್ಜಿ ಬರದಂತೆ ತಡೆಯುವುದು ಹೇಗೆ ಎಂಬುದು ಒಂದು. ಮಗುವಿಗೆ ಈಗಾಗಲೇ ಅಲರ್ಜಿ ಇದೆಯೇ ಎಂಬುದು ಇನ್ನೊಂದು. ಅಮೆರಿಕದ ಸುದ್ದಿ ಮೊದಲನೆಯದಕ್ಕೆ ಉತ್ತರ. ಲ್ಯಾಬಿನ ಪ್ಯಾಕೇಜ್ ಎರಡನೆಯದಕ್ಕೆ ಉತ್ತರ ಕೊಡುತ್ತೇನೆ ಅನ್ನುತ್ತದೆ. ಬಹಳ ಸಲ ಕೊಡುವುದಿಲ್ಲ.

ಸುದ್ದಿಯ ಒಳಗೆ ಏನಿದೆ

ಈ ಅಧ್ಯಯನ ಮಾಡಿದವರು ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು. ಪ್ರಕಟವಾದದ್ದು ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ. ಮೂರು ವರ್ಷದೊಳಗಿನ ಮಕ್ಕಳ ವೈದ್ಯಕೀಯ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಶೇಂಗಾ ಬೇಗ ಕೊಡಿ ಎಂಬ ಹೊಸ ಸಲಹೆ ಬರುವ ಮುಂಚೆ ಶೇಕಡಾ 0.79 ಮಕ್ಕಳಿಗೆ ಶೇಂಗಾ ಅಲರ್ಜಿ ದಾಖಲಾಗಿತ್ತು. ಸಲಹೆ ಬಂದ ಮೇಲೆ ಅದು 0.45ಕ್ಕೆ ಇಳಿಯಿತು. ಶೇಂಗಾ ಹಿಂದೆ ಸರಿದು, ಈಗ ಅಲ್ಲಿ ಮೊಟ್ಟೆ ಮುಂದಿದೆ.

ಒಂದು ಎಚ್ಚರಿಕೆ. ಇದು ದಾಖಲೆ ನೋಡಿ ಮಾಡಿದ ಲೆಕ್ಕ, ಪ್ರಯೋಗ ಅಲ್ಲ. ಯಾವ ಮಗು ಯಾವಾಗ ಶೇಂಗಾ ತಿಂದಿತು ಎಂದು ಅದು ಹೇಳುವುದಿಲ್ಲ. ಹಾಗಾಗಿ ಈ ಸುದ್ದಿ ಒಂದನ್ನೇ ಹಿಡಿದುಕೊಂಡು ತೀರ್ಮಾನಕ್ಕೆ ಬರುವುದು ಕಷ್ಟ. ಆದರೆ ಇದರ ಹಿಂದೆ ಗಟ್ಟಿಯಾದ ಒಂದು ಪ್ರಯೋಗವಿದೆ. ಸಲಹೆ ಯಾಕೆ ತಲೆಕೆಳಗಾಯಿತು ಎಂದು ಅದರಿಂದ ತಿಳಿಯುತ್ತದೆ.

‘ಮೂರು ವರ್ಷ ಬೇಡ’ ಎಂಬ ಸಲಹೆ ಎಲ್ಲಿಂದ ಬಂತು

2000ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ಸಲಹೆ ಕೊಟ್ಟಿತು. ಮನೆತನದಲ್ಲಿ ಅಲರ್ಜಿ ಇರುವ ಮಕ್ಕಳಿಗೆ ಒಂದು ವರ್ಷದವರೆಗೆ ಹಾಲಿನ ಪದಾರ್ಥ, ಎರಡು ವರ್ಷದವರೆಗೆ ಮೊಟ್ಟೆ, ಮೂರು ವರ್ಷದವರೆಗೆ ಶೇಂಗಾ, ಬಾದಾಮಿ-ಗೋಡಂಬಿಯಂಥ ಬೀಜಗಳು ಮತ್ತು ಮೀನು ಬೇಡ ಎಂದಿತು. ಎಳೆಯ ಕರುಳು ಇವನ್ನು ತಡೆದುಕೊಳ್ಳುವುದಿಲ್ಲ, ಬಲಿತ ಮೇಲೆ ಕೊಟ್ಟರಾಯಿತು ಎಂಬುದು ಆಗಿನ ತರ್ಕ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅದಕ್ಕೆ ಪುರಾವೆ ತೆಳ್ಳಗಿತ್ತು. 2008ರಲ್ಲಿ ಅದೇ ಅಕಾಡೆಮಿ ಸಲಹೆಯನ್ನು ಹಿಂದಕ್ಕೆ ಪಡೆಯಿತು. ಕೊಟ್ಟ ಸಲಹೆ ಬೇಗ ಹರಡುತ್ತದೆ, ಹಿಂದಕ್ಕೆ ಪಡೆದ ಸುದ್ದಿ ಹರಡುವುದಿಲ್ಲ. ಹಳೇ ಫೈಲುಗಳಲ್ಲಿ ಅದು ಇನ್ನೂ ಉಳಿದಿರುವುದಕ್ಕೆ ಕಾರಣ ಅಷ್ಟೇ.

ಅದೇ 2008ರಲ್ಲಿ ಬ್ರಿಟನ್ನಿನ ಯಹೂದಿ ಮಕ್ಕಳನ್ನು ಇಸ್ರೇಲಿನ ಯಹೂದಿ ಮಕ್ಕಳ ಜೊತೆ ಹೋಲಿಸಿದ ಅಧ್ಯಯನ ಬಂತು. ಮೂಲ ಒಂದೇ, ಆದರೆ ಬ್ರಿಟನ್ನಿನ ಮಕ್ಕಳಲ್ಲಿ ಶೇಂಗಾ ಅಲರ್ಜಿ ಸುಮಾರು 10 ಪಟ್ಟು ಜಾಸ್ತಿ. ವ್ಯತ್ಯಾಸ ಇದ್ದದ್ದು ಊಟದಲ್ಲಿ. ಇಸ್ರೇಲಿನಲ್ಲಿ ಹಲ್ಲು ಬರುವ ಮುಂಚೆಯೇ ಮಕ್ಕಳ ಕೈಗೆ ಬಾಂಬಾ ಎಂಬ, ಬಾಯಲ್ಲಿ ಕರಗುವ ಶೇಂಗಾ ಪಫ್ ಕೊಡುತ್ತಾರೆ. ಬ್ರಿಟನ್ನಿನ ತಾಯಂದಿರು ಸಲಹೆ ಪಾಲಿಸಿ ದೂರ ಇಟ್ಟಿದ್ದರು.

ಇದನ್ನು ಪರೀಕ್ಷಿಸಲು ಲಂಡನ್ನಿನಲ್ಲಿ ಗಿಡಿಯನ್ ಲ್ಯಾಕ್ ಅವರ ತಂಡ 640 ಹಸುಗೂಸುಗಳನ್ನು ಆರಿಸಿತು. ಎಲ್ಲ 4ರಿಂದ 11 ತಿಂಗಳೊಳಗಿನವು. ಎಲ್ಲಕ್ಕೂ ತೀವ್ರ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ಕೆರೆತ ಬರುವ ತೊಂದರೆ) ಅಥವಾ ಮೊಟ್ಟೆ ಅಲರ್ಜಿ ಇತ್ತು, ಅಂದರೆ ಅಪಾಯ ಜಾಸ್ತಿ ಇದ್ದ ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಐದು ವರ್ಷದವರೆಗೆ ಶೇಂಗಾ ಪೂರ್ತಿ ಬಂದ್. ಉಳಿದವರಿಗೆ ವಾರಕ್ಕೆ 6 ಗ್ರಾಂ ಶೇಂಗಾ ಪ್ರೋಟೀನು, ಮೂರು ಅಥವಾ ಹೆಚ್ಚು ಊಟಗಳಲ್ಲಿ ಹಂಚಿ. 2015ರಲ್ಲಿ ಫಲಿತಾಂಶ ಬಂತು. ದೂರ ಇಟ್ಟವರಲ್ಲಿ ಶೇಕಡಾ 17.2 ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ 3.2. ಲೀಪ್ ಎಂದು ಹೆಸರಾದ ಅಧ್ಯಯನ ಇದೇ. 2017ರಲ್ಲಿ ಅಮೆರಿಕದ ಸರ್ಕಾರಿ ಮಾರ್ಗಸೂಚಿ ಇದರ ಮೇಲೆಯೇ ಬದಲಾಯಿತು. ಮಕ್ಕಳು ಹದಿಹರೆಯಕ್ಕೆ ಬಂದ ಮೇಲೆ ಮತ್ತೆ ನೋಡಿದಾಗಲೂ ರಕ್ಷಣೆ ಉಳಿದಿತ್ತು ಎಂದು 2024ರ ವರದಿ ಹೇಳಿತು.

ಬಾಯಿಗಿಂತ ಮೊದಲು ಚರ್ಮ

ತಿಂದರೆ ಅಲರ್ಜಿ ಬರದೆ, ತಿನ್ನದಿದ್ದರೆ ಬರುವುದು ಹೇಗೆ? ಇದಕ್ಕೆ ಲ್ಯಾಕ್ ಅವರೇ ಮುಂದಿಟ್ಟ ವಿವರಣೆ ಹೀಗಿದೆ. ಆಹಾರದ ಪ್ರೋಟೀನು ಬಾಯಿ-ಕರುಳಿನ ದಾರಿಯಲ್ಲಿ ಹೋದರೆ ದೇಹ ಅದನ್ನು ಊಟವೆಂದು ಒಪ್ಪಿಕೊಳ್ಳಲು ಕಲಿಯುತ್ತದೆ. ಅದೇ ಪ್ರೋಟೀನು ಒಡೆದ, ಒಣಗಿದ ಚರ್ಮದ ಮೂಲಕ ಮೊದಲು ಒಳಗೆ ಹೋದರೆ ಶತ್ರು ಎಂದು ಗುರುತಿಸುತ್ತದೆ. ಎಕ್ಸಿಮಾ ಇರುವ ಮಗುವಿನ ಚರ್ಮದಲ್ಲಿ ಇಂಥ ಬಿರುಕು ಜಾಸ್ತಿ. ಮನೆಯಲ್ಲಿ ಎಲ್ಲರೂ ಶೇಂಗಾ ತಿನ್ನುತ್ತಾರೆ, ಪುಡಿ ಧೂಳಿನಲ್ಲಿ, ಹಾಸಿಗೆಯಲ್ಲಿ, ಕೈಯಲ್ಲಿ ಇರುತ್ತದೆ. ಮಗುವಿನ ಬಾಯಿಗೆ ಮಾತ್ರ ಹಾಕುವುದಿಲ್ಲ. ಹಾಗಾದಾಗ ಚರ್ಮದ ದಾರಿ ಒಂದೇ ತೆರೆದಿರುತ್ತದೆ.

ನಮ್ಮ ಮನೆಗಳಿಗೆ ಈ ಮಾತು ನೇರವಾಗಿ ತಾಗುತ್ತದೆ. ಮುಂಬೈ-ಪುಣೆಯ ಮನೆಗಳಿಗೆ ಬರುವ ಮಾಲೀಶ್ ಬಾಯಿ ಬಾದಾಮಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಹಚ್ಚಿ, ಕಡಲೆಹಿಟ್ಟಿನಿಂದ ತಿಕ್ಕುತ್ತಾಳೆ. ಚರ್ಮ ಗಟ್ಟಿಮುಟ್ಟಾಗಿರುವ ಮಗುವಿಗೆ ಇದರಿಂದ ಭಯ ಪಡಬೇಕಿಲ್ಲ. ಎಕ್ಸಿಮಾ ಇರುವ, ಮೈ ಕೆರೆದುಕೊಳ್ಳುವ ಮಗುವಿಗೆ ಮಾತ್ರ ಆಹಾರದ ಹಿಟ್ಟಿನಿಂದ ತಿಕ್ಕುವುದು ಬೇಡ. ವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಎಕ್ಸಿಮಾಗೆ ವೈದ್ಯರು ಬರೆದ ಮುಲಾಮನ್ನು ‘ಸ್ಟೆರಾಯ್ಡ್’ ಎಂದು ಹೆದರಿ ಅರ್ಧಕ್ಕೆ ಬಿಡುವವರು ಬಹಳ. ಚರ್ಮ ವಾಸಿಯಾಗದೆ ಉಳಿಯುವುದಕ್ಕೆ ಇದೇ ದೊಡ್ಡ ಕಾರಣ.

ಮಹಾರಾಷ್ಟ್ರದ ಬಾಳಗುಟಿಯನ್ನೂ ಇಲ್ಲಿ ನೆನೆಯಬೇಕು. ಬಾದಾಮಿ, ಒಣ ಖರ್ಜೂರ, ಬಜೆ ತೇಯ್ದು ನೆಕ್ಕಿಸುವ ರೂಢಿ. ‘ನೋಡಿ, ನಮ್ಮ ಹಿರಿಯರು ಮೊದಲೇ ಮಾಡುತ್ತಿದ್ದರು’ ಎಂದು ಲೀಪ್ ಹೆಸರಿನಲ್ಲಿ ಇದನ್ನು ಸಮರ್ಥಿಸುವವರಿದ್ದಾರೆ. ಈ ಸಮರ್ಥನೆ ನಿಲ್ಲುವುದಿಲ್ಲ. ಪ್ರಯೋಗದಲ್ಲಿ ಕೊಟ್ಟದ್ದು ವಾರವಾರವೂ ಊಟದಷ್ಟು ಪ್ರಮಾಣ, ಗುಟಿಯಲ್ಲಿ ಹೋಗುವುದು ಒಂದು ತೇಯ್ತ. ಮೇಲಾಗಿ ಆರು ತಿಂಗಳೊಳಗೆ ತೇಯುವ ಕಲ್ಲಿನಿಂದ, ನೀರಿನಿಂದ ಸೋಂಕು ತಗಲುವ ಅಪಾಯ ಬೇರೆ.

ಕರ್ನಾಟಕದ ಅಂಕಿ ಬೇರೆ ಕಥೆ ಹೇಳುತ್ತದೆ

ಅಮೆರಿಕದ ಶೇಂಗಾ ಭಯ ನಮ್ಮದಲ್ಲ. ಬೆಂಗಳೂರು-ಮೈಸೂರು ಭಾಗದಲ್ಲಿ ಯೂರೋಪಿನ ಯೋಜನೆಯೊಂದರ ಅಂಗವಾಗಿ ನಡೆದ ಸಮೀಕ್ಷೆಗಳಿವೆ. ಶಾಲಾ ಮಕ್ಕಳಲ್ಲಿ ಶೇಕಡಾ 19ರಷ್ಟು ಮಂದಿಯ ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಪ್ರತಿಕಾಯ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನು) ಸಿಕ್ಕಿತು. ನಿಜವಾದ ಅಲರ್ಜಿ ಇರಬಹುದು ಅನ್ನಿಸಿದ್ದು ಶೇಕಡಾ 0.14 ಮಕ್ಕಳಲ್ಲಿ ಮಾತ್ರ. ದೊಡ್ಡವರಲ್ಲಿ ಈ ಎರಡು ಅಂಕಿಗಳು 26.5 ಮತ್ತು 1.2.

ಈ ಎರಡು ಅಂಕಿಗಳ ನಡುವಿನ ಅಂತರವನ್ನು ಇನ್ನೊಮ್ಮೆ ನೋಡಿ. ಸಾವಿರ ಮಕ್ಕಳ ರಕ್ತ ತೆಗೆದರೆ ಸುಮಾರು 190 ರಿಪೋರ್ಟ್‌ಗಳಲ್ಲಿ ಯಾವುದೋ ಒಂದು ಆಹಾರದ ಎದುರು ‘ಪಾಸಿಟಿವ್’ ಬರುತ್ತದೆ. ತಿಂದರೆ ನಿಜವಾಗಿ ತೊಂದರೆಯಾಗುವವರು ಒಬ್ಬರೋ ಇಬ್ಬರೋ. ಉಳಿದವರು ಆ ಆಹಾರವನ್ನು ದಿನಾ ತಿಂದು ಆರಾಮಾಗಿರುವವರು. ಮುಂಬೈಯಲ್ಲಿ ಮನೆಬಾಗಿಲಿಗೆ ಬರುವ ಪ್ಯಾಕೇಜಿನ ಸಮಸ್ಯೆ ಇದರಲ್ಲೇ ಇದೆ. ಲಕ್ಷಣವೇ ಇಲ್ಲದ ಪದಾರ್ಥಗಳನ್ನೂ ಸೇರಿಸಿ ಪರೀಕ್ಷಿಸಿದಷ್ಟೂ ಸುಳ್ಳು ಪಾಸಿಟಿವ್ ಜಾಸ್ತಿ. ಲ್ಯಾಬ್ ಸುಳ್ಳು ಹೇಳಿದ್ದಲ್ಲ. ಕೇಳಬಾರದ ಪ್ರಶ್ನೆ ಕೇಳಿದ್ದಕ್ಕೆ ಬಂದ ಉತ್ತರ ಅದು.

ರಿಪೋರ್ಟ್ ಓದುವ ಮುಂಚೆ

ಪರೀಕ್ಷೆಗಳಲ್ಲಿ ಎರಡು ಬಗೆ ಇವೆ. ಐಜಿಇ, ಐಜಿಜಿ ಎಂಬವು ರಕ್ತದಲ್ಲಿರುವ ಎರಡು ಬಗೆಯ ಪ್ರತಿಕಾಯ. ಐಜಿಇ ಪರೀಕ್ಷೆ ಅಲರ್ಜಿಗೆ ಸಂಬಂಧಪಟ್ಟದ್ದು. ಐಜಿಜಿ ಪರೀಕ್ಷೆ ‘ಫುಡ್ ಇಂಟಾಲರೆನ್ಸ್’ (ಆಹಾರ ಒಗ್ಗದಿರುವುದು) ಹೆಸರಿನಲ್ಲಿ ಮಾರಾಟವಾಗುತ್ತದೆ. ಐಜಿಜಿ ಇದ್ದರೆ ದೇಹಕ್ಕೆ ಆ ಆಹಾರದ ಪರಿಚಯ ಆಗಿದೆ ಎಂದರ್ಥ, ಅಷ್ಟೇ. ಯೂರೋಪು, ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳೆಲ್ಲ ಇದನ್ನು ರೋಗ ಪತ್ತೆಗೆ ಬಳಸಬೇಡಿ ಎಂದಿವೆ. ಮಗು ದಿನಾ ಅನ್ನ, ಗೋಧಿ ತಿಂದರೆ ಅನ್ನ, ಗೋಧಿಗೇ ಐಜಿಜಿ ಬರುತ್ತದೆ. ಅದನ್ನು ನೋಡಿ ಅನ್ನ ಬಿಡಿಸುವುದಕ್ಕಿಂತ ದುಡ್ಡು ಸುಮ್ನೆ ಎಸೆಯುವುದೇ ವಾಸಿ, ಮಗುವಿನ ತೂಕವಾದರೂ ಉಳಿಯುತ್ತದೆ.

ಐಜಿಇ ಉಪಯುಕ್ತ, ಆದರೆ ಅದಕ್ಕೂ ಮಿತಿಯಿದೆ. ಅಂಕಿ ಎಷ್ಟು ಎತ್ತರವೋ ಅಲರ್ಜಿ ನಿಜವಾಗಿರುವ ಸಾಧ್ಯತೆ ಅಷ್ಟು ಜಾಸ್ತಿ. ಆದರೆ ಅದು ಅಲರ್ಜಿ ಎಷ್ಟು ತೀವ್ರ ಎಂದು ಹೇಳುವುದಿಲ್ಲ. ರಿಪೋರ್ಟ್‌ನಲ್ಲಿ ಅಂಕಿಯ ಜೊತೆ ಬರೆಯುವ ದರ್ಜೆ ನೋಡಿ ‘ಕ್ಲಾಸ್ 2’ ಎಂದರೆ ಸಣ್ಣ ಅಲರ್ಜಿ, ‘ಕ್ಲಾಸ್ 5’ ಎಂದರೆ ಜೀವಕ್ಕೆ ಅಪಾಯ ಎಂದು ಓದಿಕೊಳ್ಳುವುದು ತಪ್ಪು. ಜೊತೆಗೆ ಕಡಲೆ, ತೊಗರಿ, ಶೇಂಗಾ, ಸೋಯಾ ಎಲ್ಲ ಒಂದೇ ಸಸ್ಯ ಕುಟುಂಬದವು. ಒಂದಕ್ಕೆ ಹುಟ್ಟಿದ ಪ್ರತಿಕಾಯ ರಿಪೋರ್ಟ್‌ನಲ್ಲಿ ಇನ್ನೊಂದರ ಎದುರೂ ಕಾಣಿಸಬಹುದು, ಮಗು ಸಾರು-ಅನ್ನ ತಿಂದು ಚೆನ್ನಾಗಿದ್ದರೂ.

ಹಾಗಾದರೆ ಉತ್ತರ ಎಲ್ಲಿದೆ? ಹೆಚ್ಚಿನ ಪಾಲು ಅಪ್ಪ-ಅಮ್ಮನ ನೆನಪಿನಲ್ಲೇ ಇದೆ. ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಅದೇ ಪದಾರ್ಥ ಮತ್ತೆ ತಿಂದಾಗಲೂ ಹಾಗೇ ಆಯಿತೇ, ಅಂದು ಜ್ವರ ಇತ್ತೇ. ತಿಂದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಗಂಧೆ ಎದ್ದರೆ, ತುಟಿ ಊದಿದರೆ, ವಾಂತಿ ಅಥವಾ ಉಬ್ಬಸ ಬಂದರೆ ಐಜಿಇ ಬಗೆಯ ಅಲರ್ಜಿಯ ಶಂಕೆ ಬಲವಾಗುತ್ತದೆ. ನಿನ್ನೆ ಮೊಟ್ಟೆ ತಿಂದ ಮಗುವಿಗೆ ಇವತ್ತು ಸಂಜೆ ದದ್ದು ಬಂದರೆ ಮೊಟ್ಟೆಯ ಮೇಲೆ ಅನುಮಾನ ಕಡಿಮೆ. ಪುಟ್ಟ ಮಕ್ಕಳಲ್ಲಿ ವೈರಲ್ ಜ್ವರದ ಜೊತೆಗೂ ಗಂಧೆ ಏಳುತ್ತದೆ. ದದ್ದು ಎದ್ದಾಗ ಮೊಬೈಲಿನಲ್ಲಿ ಫೋಟೋ ತೆಗೆದು, ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಜೊತೆಗಿಟ್ಟರೆ ಹತ್ತಾರು ಪದಾರ್ಥದ ಪ್ಯಾಕೇಜಿಗಿಂತ ವೈದ್ಯರಿಗೆ ಹೆಚ್ಚು ಸಿಗುತ್ತದೆ. ಅನುಮಾನ ಒಂದೆರಡು ಪದಾರ್ಥಕ್ಕೆ ಇಳಿದ ಮೇಲೆ ಚರ್ಮದ ಚುಚ್ಚು ಪರೀಕ್ಷೆ ಅಥವಾ ಐಜಿಇ. ಅದರಲ್ಲೂ ಸ್ಪಷ್ಟವಾಗದಿದ್ದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ತಿನ್ನಿಸಿ ನೋಡುವುದು. ಕೊನೆಯ ಮಾತು ಈ ತಿನ್ನಿಸುವ ಪರೀಕ್ಷೆಯದೇ. ಗಂಟೆಗಟ್ಟಲೆ ಸಮಯ, ಹಾಸಿಗೆ, ನರ್ಸ್ ಎಲ್ಲ ಬೇಕು. ಒಂದು ಟ್ಯೂಬ್ ರಕ್ತ ತೆಗೆಯುವುದು ಸುಲಭ. ಎಲ್ಲರೂ ಲ್ಯಾಬಿನಿಂದಲೇ ಶುರು ಮಾಡುವುದು ಅದಕ್ಕೇ.

ಹಾಲಿನ ಗೋಜಲು

ಹಸುಗೂಸುಗಳಲ್ಲಿ ಜಾಸ್ತಿ ತಲೆಬಿಸಿ ಮಾಡುವುದು ಹಾಲು. ಇಲ್ಲಿ ರಕ್ತ ಪರೀಕ್ಷೆ ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಹಾಲಿನ ಕೆಲವು ಅಲರ್ಜಿಗಳು ಐಜಿಇ ಮೂಲಕ ನಡೆಯುವುದೇ ಇಲ್ಲ. ಚೆನ್ನಾಗಿ ಬೆಳೆಯುತ್ತಿರುವ ಒಂದೆರಡು ತಿಂಗಳ ಮಗುವಿನ ಮಲದಲ್ಲಿ ರಕ್ತದ ಎಳೆ ಕಾಣುವುದು ಒಂದು. ತಿಂದು ಒಂದರಿಂದ ನಾಲ್ಕು ಗಂಟೆಯ ಮೇಲೆ ಬಿಡದೆ ವಾಂತಿಯಾಗಿ ಮಗು ಬಿಳಿಚಿಕೊಂಡು ಜೋಲುಬೀಳುವುದು ಇನ್ನೊಂದು. ಎರಡರಲ್ಲೂ ಐಜಿಇ ರಿಪೋರ್ಟ್ ‘ನೆಗೆಟಿವ್’ ಬರುವುದೇ ಸಾಮಾನ್ಯ. ಎರಡನೆಯದು ಗ್ಯಾಸ್ಟ್ರೋ ಅಥವಾ ಸೋಂಕು ಎಂದು ಮತ್ತೆ ಮತ್ತೆ ಅಡ್ಮಿಟ್ ಆಗುವುದೂ ಇದೆ.

ಲ್ಯಾಕ್ಟೋಸ್ ತೊಂದರೆ ಇದಲ್ಲ. ಅದು ಹಾಲಿನ ಸಕ್ಕರೆ ಜೀರ್ಣವಾಗದಿರುವುದು. ಹಸುಗೂಸುಗಳಲ್ಲಿ ಭೇದಿಯಾದ ಮೇಲೆ ಕೆಲವು ದಿನ ಕಾಣಿಸಿ ಹೋಗುತ್ತದೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವ ಮಗುವಿಗೆ ‘ಆಕಳ ಹಾಲು ಬೇಡ, ಆಡಿನ ಹಾಲು ಕೊಡಿ’ ಎನ್ನುವುದು ನಮ್ಮಲ್ಲಿ ಮಾಮೂಲು ಸಲಹೆ. ಈ ಹಾಲುಗಳ ಪ್ರೋಟೀನುಗಳು ಎಷ್ಟು ಹೋಲುತ್ತವೆಂದರೆ ಆಕಳ ಹಾಲಿಗೆ ಅಲರ್ಜಿ ಇರುವ ಬಹುತೇಕ ಮಕ್ಕಳಿಗೆ ಆಡಿನದೂ ಆಗುವುದಿಲ್ಲ. ಎಮ್ಮೆ ಹಾಲಿನದೂ ಅದೇ ಪಾಡು.

ಇನ್ನೊಂದು ಕಡೆಯ ವಾದವೂ ಕೇಳುವಂಥದ್ದು. ಹಾಲಿನ ಅಲರ್ಜಿಯನ್ನು ಅಗತ್ಯಕ್ಕಿಂತ ಜಾಸ್ತಿ ಹೇಳಲಾಗುತ್ತಿದೆ, ಅದರಿಂದ ಲಾಭ ವಿಶೇಷ ಫಾರ್ಮುಲಾ (ಹಸುಗೂಸಿನ ಡಬ್ಬಿ ಹಾಲು) ಕಂಪನಿಗಳಿಗೆ ಎಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಲೇಖನವೊಂದು ಬರೆಯಿತು. ಇಂಗ್ಲೆಂಡಿನಲ್ಲಿ 2006ರಿಂದ 2016ರ ನಡುವೆ ಇಂಥ ಫಾರ್ಮುಲಾಗೆ ವೈದ್ಯರು ಬರೆದ ಚೀಟಿಗಳು ಸುಮಾರು ಆರು ಪಟ್ಟಾದವು, ಅಲರ್ಜಿ ಅಷ್ಟು ಏರಿದ ಕುರುಹು ಇರಲಿಲ್ಲ. ಅಳು, ಹೊಟ್ಟೆ ಉಬ್ಬರ, ಹಾಲು ಕಕ್ಕುವುದು ಎಲ್ಲ ಮಕ್ಕಳಲ್ಲೂ ಇರುತ್ತದೆ. ಅದಕ್ಕೆಲ್ಲ ಅಲರ್ಜಿ ಎಂದು ಹೆಸರಿಟ್ಟರೆ ಮೊದಲು ನಿಲ್ಲುವುದು ತಾಯಿ ಹಾಲು. ನಮ್ಮಲ್ಲಿ ಹಸುಗೂಸಿನ ಫಾರ್ಮುಲಾ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿರುವುದಕ್ಕೂ ಇಂಥದೇ ಕಾರಣವಿದೆ. ಅನುಮಾನ ನಿಜವಾಗಿದ್ದರೂ ತಾಯಿ ಹಾಲು ನಿಲ್ಲಿಸಬೇಕಿಲ್ಲ. ಬಾಣಂತಿ ಎರಡರಿಂದ ನಾಲ್ಕು ವಾರ ಹಾಲು-ಮೊಸರು ಬಿಟ್ಟು ನೋಡಿ, ಮತ್ತೆ ತಿಂದು ನೋಡಬೇಕು. ಮತ್ತೆ ತಿಂದಾಗ ಲಕ್ಷಣ ಮರಳಿದರೆ ಮಾತ್ರ ಅದು ಅಲರ್ಜಿ. ಈ ಎರಡನೇ ಹೆಜ್ಜೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೊಗರಿ, ಬದನೆ, ಶೇಂಗಾ ಎಂದು ಬಾಣಂತಿಯ ಪಥ್ಯದ ಪಟ್ಟಿ ಮಾತ್ರ ಬೆಳೆಯುತ್ತದೆ. ಬಾಣಂತಿ ಪಥ್ಯ ಮಾಡಿದ್ದರಿಂದ ಮಗುವಿಗೆ ಅಲರ್ಜಿ ಬರುವುದು ತಪ್ಪುತ್ತದೆ ಎನ್ನಲು ಆಧಾರವಿಲ್ಲ.

ಬಿಡಿಸಿದ್ದಕ್ಕೂ ಬೆಲೆಯಿದೆ

‘ಅನುಮಾನ ಇದೆ, ಸುಮ್ನೆ ಬಿಟ್ಟುಬಿಡೋಣ, ನಷ್ಟವೇನು?’ ಎಂದು ಕೇಳುವವರಿದ್ದಾರೆ. ನಷ್ಟ ಎರಡು ಬಗೆಯದು. ಹಾಲು, ಮೊಟ್ಟೆ, ಗೋಧಿ, ಬೇಳೆ ಒಟ್ಟಿಗೆ ನಿಂತರೆ ಪ್ರೋಟೀನು, ಕ್ಯಾಲ್ಸಿಯಂ, ತೂಕ ಎಲ್ಲ ಕುಸಿಯುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಎಕ್ಸಿಮಾ ಇರುವ ಮಗು ಹಾಲು ಕುಡಿದು ಆರಾಮಾಗಿತ್ತು ಎಂದುಕೊಳ್ಳಿ. ರಿಪೋರ್ಟ್ ನೋಡಿ ತಿಂಗಳುಗಟ್ಟಲೆ ಹಾಲು ಬಿಡಿಸಿದರೆ ದೇಹ ಗಳಿಸಿದ್ದ ಒಗ್ಗಿಕೆ ಹೋಗಬಹುದು. ಮುಂದೆ ಆಕಸ್ಮಿಕವಾಗಿ ಕುಡಿದಾಗ, ಮೊದಲೆಂದೂ ಆಗದ ತಕ್ಷಣದ ಅಲರ್ಜಿಯೇ ಬರಬಹುದು. ಎಕ್ಸಿಮಾಗೆಂದು ಆಹಾರ ಬಿಡಿಸಿದ ಮಕ್ಕಳ ಅಮೆರಿಕದ ಒಂದು ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಹೀಗಾಯಿತು. ಇಲ್ಲದ ಅಲರ್ಜಿಯನ್ನು ರಿಪೋರ್ಟ್ ಓದಿ ನಾವೇ ತಂದುಕೊಂಡಂತೆ.

ಆರನೇ ತಿಂಗಳಲ್ಲಿ ಏನು ಮಾಡಬೇಕು

ಭಾರತದ ಮಕ್ಕಳ ವೈದ್ಯರ ಸಂಘ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ ಎನ್ನುತ್ತವೆ. ಲೀಪ್ ಮಕ್ಕಳು ಶೇಂಗಾ ಶುರು ಮಾಡಿದ್ದು 4ರಿಂದ 11 ತಿಂಗಳ ನಡುವೆ. ಇವೆರಡಕ್ಕೂ ಜಗಳವಿಲ್ಲ. ಆರು ತಿಂಗಳಿಗೆ ಗಂಜಿ, ಬೇಳೆಯ ಜೊತೆಗೇ ಶೇಂಗಾ, ಮೊಟ್ಟೆಯನ್ನೂ ಶುರು ಮಾಡಿದರಾಯಿತು. ಮಹಾರಾಷ್ಟ್ರದ ಅಡುಗೆಮನೆಯಲ್ಲಿ ಶೇಂಗದಾಣ್ಯಾಚೆ ಕೂಟ, ಅಂದರೆ ಹುರಿದ ಶೇಂಗಾ ಪುಡಿ ಇದ್ದೇ ಇರುತ್ತದೆ, ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಂತೂ ಕೇಳುವುದೇ ಬೇಡ. ಖಾರ-ಉಪ್ಪು ಹಾಕದ ನುಣ್ಣನೆಯ ಪುಡಿ, ಗಂಜಿಯಲ್ಲಿ ಕಾಲು ಚಮಚದಿಂದ ಶುರು. ಮೊಟ್ಟೆಯನ್ನು ಗಟ್ಟಿಯಾಗಿ ಬೇಯಿಸಿಯೇ ಕೊಡಬೇಕು. ಹೊಸದು ಒಂದು ಸಲಕ್ಕೆ ಒಂದೇ, ಅದೂ ಹಗಲಲ್ಲಿ. ಒಗ್ಗಿದ ಮೇಲೆ ವಾರಕ್ಕೆ ಎರಡು-ಮೂರು ಸಲ ಬಿಡದೆ ಮುಂದುವರಿಸಬೇಕು. ಒಮ್ಮೆ ನೆಕ್ಕಿಸಿ ಬಿಟ್ಟರೆ ಪ್ರಯೋಜನವಿಲ್ಲ.

ಅಮೆರಿಕದ ಸುದ್ದಿಯನ್ನು ತಪ್ಪಾಗಿ ಓದಿದರೆ ಎರಡು ಅನಾಹುತ ಆಗಬಹುದು. ಇಡೀ ಶೇಂಗಾ ಬೀಜ ಪುಟ್ಟ ಮಕ್ಕಳ ಉಸಿರುನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ನಾಲ್ಕೈದು ವರ್ಷದವರೆಗೆ ಇಡೀ ಬೀಜ ಕೊಡಲೇಬಾರದು. ಇನ್ನು ತೀವ್ರ ಎಕ್ಸಿಮಾ ಇರುವ ಅಥವಾ ಮೊಟ್ಟೆಗೆ ಈಗಾಗಲೇ ಅಲರ್ಜಿ ತೋರಿಸಿದ ಮಗುವಿಗೆ ಮನೆಯಲ್ಲೇ ಪ್ರಯೋಗ ಮಾಡುವುದು ಬೇಡ. ಅಂಥ ಮಗುವಿಗೆ ಮೊದಲು ವೈದ್ಯರು, ಆಮೇಲೆ ಶೇಂಗಾ. ಪರೀಕ್ಷೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಹೊಸ ಔಷಧಗಳ ಸುದ್ದಿಯೂ ಓಡಾಡುತ್ತಿದೆ. ಒಮಾಲಿಜುಮಾಬ್ ಎಂಬ ಇಂಜೆಕ್ಷನ್ನಿಗೆ ಅಮೆರಿಕ 2024ರ ಫೆಬ್ರವರಿಯಲ್ಲಿ ಆಹಾರ ಅಲರ್ಜಿಗೆಂದು ಒಪ್ಪಿಗೆ ಕೊಟ್ಟಿತು. ಪ್ರಯೋಗದಲ್ಲಿ ಅದನ್ನು ಪಡೆದ ಶೇಕಡಾ 67 ಮಂದಿ ಎರಡು-ಮೂರು ಶೇಂಗಾ ಬೀಜದಷ್ಟನ್ನು ತಡೆದುಕೊಂಡರು. ಅಂದರೆ ಆಕಸ್ಮಿಕವಾಗಿ ತಿಂದಾಗ ರಕ್ಷಣೆ ಸಿಗುತ್ತದೆ, ಅಲರ್ಜಿ ಹೋಗುವುದಿಲ್ಲ.

ನಿಜವಾಗಿ ಅಲರ್ಜಿ ಇದ್ದರೆ

ಅಲರ್ಜಿ ಖಚಿತವಾದ ಮನೆಗೆ ಮುಂದಿನ ತೊಂದರೆ ಹೊರಗಿನ ಊಟ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಪ್ಯಾಕೆಟ್ ಆಹಾರದ ಮೇಲೆ ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಶೇಂಗಾ ಮತ್ತು ಇತರ ಬೀಜಗಳು, ಸೋಯಾ, ಸಲ್ಫೈಟ್ ಇದ್ದರೆ ಹೇಳಲೇಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳೂ ಕಡ್ಡಾಯ. ಸಂಕ್ರಾಂತಿಗೆ ನಾವು ಎಳ್ಳು-ಬೆಲ್ಲ ಬೀರುತ್ತೇವೆ, ಪಕ್ಕದ ಮರಾಠಿ ಮನೆಯಿಂದ ತಿಳ್‌ಗುಳ್ ಬರುತ್ತದೆ. ಇಂಥ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ. ಬಿಡಿಯಾಗಿ ಮಾರುವ ಚಿಕ್ಕಿ, ಮಿಠಾಯಿಯ ಮೇಲಂತೂ ಓದಲು ಏನೂ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ಮಗು ಪಾಳಣಾಘರಕ್ಕೆ (ಶಿಶುಪಾಲನಾ ಕೇಂದ್ರಕ್ಕೆ) ಹೋಗುವುದಾದರೆ ಅಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಬರೆದ ಒಂದು ಹಾಳೆ ಇರಬೇಕು. ಯಾವ ಆಹಾರ, ಯಾವ ಲಕ್ಷಣ, ಯಾವ ಆಸ್ಪತ್ರೆ ಎಂಬುದು ಅದರಲ್ಲಿರಬೇಕು. ಉಸಿರಾಟಕ್ಕೆ ತೊಂದರೆಯಾದರೆ, ಧ್ವನಿ ಬದಲಾದರೆ, ಮಗು ಜೋಲುಬಿದ್ದರೆ ಬೇಕಾದ ಮದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಅಲರ್ಜಿ ಸಿರಪ್ ಇಂಥ ತೀವ್ರ ಅಲರ್ಜಿಯನ್ನು ತಡೆಯುವುದಿಲ್ಲ, ಸಿರಪ್ ಕುಡಿಸಿ ಕಾಯುತ್ತ ಕೂರುವುದು ಅಪಾಯ. ಅಡ್ರಿನಾಲಿನ್ ಮನೆಯಲ್ಲೇ ಚುಚ್ಚಲು ಬರುವ ಪೆನ್ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ 108ಕ್ಕೆ ಕರೆ ಮಾಡುವುದೋ, ರಸ್ತೆಯ ಟ್ರಾಫಿಕ್ ನೋಡಿ ಹತ್ತಿರದ ಕ್ಯಾಶುಯಲ್ಟಿಗೆ ಓಡುವುದೋ ಎಂಬುದನ್ನು ಮೊದಲೇ ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿಟ್ಟಿರಬೇಕು.

ಹಾಲು, ಮೊಟ್ಟೆಯ ಅಲರ್ಜಿ ಬಹಳ ಮಕ್ಕಳಲ್ಲಿ ಶಾಲೆಗೆ ಹೋಗುವ ವಯಸ್ಸಿನ ಆಚೀಚೆ ತಾನೇ ಹೋಗುತ್ತದೆ. ಶೇಂಗಾ ಅಲರ್ಜಿ ಹೋಗುವುದು ಸುಮಾರು ಐದರಲ್ಲಿ ಒಬ್ಬರಿಗೆ ಮಾತ್ರ. ಕುಡಿಯುವ ಹಾಲು ಆಗದ ಅನೇಕ ಮಕ್ಕಳಿಗೆ ಕೇಕಿನಲ್ಲಿ ಚೆನ್ನಾಗಿ ಬೆಂದ ಹಾಲು ಆಗುತ್ತದೆ, ಆದರೆ ಇದನ್ನೂ ಮನೆಯಲ್ಲಿ ಪರೀಕ್ಷಿಸಬಾರದು. ಎಂಟು ತಿಂಗಳಲ್ಲಿ ಬರೆದ ‘ಹಾಲು ಬೇಡ’ ಎಂಬ ಸಾಲನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರ ಮುಂದಿಟ್ಟು, ಇದು ಇನ್ನೂ ಬೇಕೇ ಎಂದು ಕೇಳಬೇಕು.